ಈಗ ನಿಮ್ಮ ಮಾತಲ್ಲಿ ಹೇಳಿ

ನಮ್ಮ ಆಸ್ಪತ್ರೆಯಲ್ಲಿ ನಗು ಬರುವಂಥದ್ದು ಏನೂ ನಡೆಯದೆ ಒಂದು ವಾರ ಕಳೆದರೆ, ಏನೋ ಎಡವಟ್ಟಾಗಿದೆ ಅಂತ ನಾನು ನನ್ನ ಬಿಪಿಯನ್ನೇ ಒಮ್ಮೆ ನೋಡಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ನೋಡಿಕೊಂಡದ್ದು ಎರಡೋ ಮೂರೋ ಸಲ ಇರಬಹುದು.

ಯಲಹಂಕದಿಂದ ಅಲ್ಲಾಳಸಂದ್ರದ ಕಡೆಗೆ ಬರುವ ದಾರಿಯಲ್ಲಿರುವ ಸಣ್ಣ ನರ್ಸಿಂಗ್ ಹೋಮ್ ನಮ್ಮದು. ನಾನು ಅಲ್ಲಿ ನರ್ಸ್. ಮೊದಲೆಲ್ಲ ಆಪರೇಷನ್ ಅಂದರೆ ಡಾಕ್ಟರು ಹೇಳುವುದು, ಮನೆಯವರು ತಲೆಯಾಡಿಸುವುದು, ಯಾರೋ ಒಬ್ಬರು ಸಹಿ ಹಾಕುವುದು, ಅಷ್ಟೇ. ಯಾರ ಹೊಟ್ಟೆ ಕೊಯ್ಯುತ್ತಾರೋ ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ವಿಷಯ ಗೊತ್ತಿರುತ್ತಿತ್ತು. ಕೆಲವು ವರ್ಷದ ಹಿಂದೆ ನಮ್ಮ ಸರ್ಜನ್ ಸಾಹೇಬರು ಹೊಸ ಪದ್ಧತಿ ತಂದರು. ಪೇಷೆಂಟನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಬೇಕು. ಕಾಯಿಲೆ ಏನು, ಏನು ಮಾಡುತ್ತೇವೆ, ಮಾಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯಾ, ಎಲ್ಲ ಹೇಳಬೇಕು. ಕೊನೆಗೆ, "ಈಗ ನಿಮ್ಮ ಮಾತಲ್ಲಿ ಹೇಳಿ, ಏನು ಅರ್ಥ ಆಯ್ತು?" ಅಂತ ಕೇಳಬೇಕು. ಅವರು ಸರಿಯಾಗಿ ಹೇಳಿದ ಮೇಲೇ ಸಹಿ.

ಈ ಕೂರಿಸಿ ಮಾತಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೆಳಗಿನ ಮಹಡಿಯಲ್ಲಿ ಒಂದು ಚಿಕ್ಕ ಕೋಣೆ, ಆರು ಕುರ್ಚಿ, ಗೋಡೆಯ ಮೇಲೆ ಮನುಷ್ಯನ ಹೊಟ್ಟೆಯ ಒಳಗಿನ ಚಿತ್ರ. ಆ ಕೋಣೆಯಲ್ಲಿ ಕಲಿತಷ್ಟನ್ನು ನಾನು ನರ್ಸಿಂಗ್ ಓದುವಾಗಲೂ ಕಲಿತಿರಲಿಲ್ಲ.

ಕಲ್ಲು

ಚಿಕ್ಕಬಾಣಾವರದ ಆಚೆಯ ಹಳ್ಳಿಯಿಂದ ಒಬ್ಬ ತಾತ ಬಂದಿದ್ದರು. ಪಿತ್ತಕೋಶದ ತುಂಬ ಕಲ್ಲು. ಊಟ ಮಾಡಿದರೆ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದರು. ಜೊತೆಯಲ್ಲಿ ಅಜ್ಜಿ. ಅಜ್ಜಿ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದರು.

ನಾನು ಗೋಡೆಯ ಚಿತ್ರ ತೋರಿಸಿ, ದೊಡ್ಡದಾಗಿ ಕೊಯ್ಯುವುದಿಲ್ಲ, ಸಣ್ಣ ತೂತುಗಳಲ್ಲೇ ಮಾಡುತ್ತಾರೆ ಅಂತ ಸಾವಕಾಶವಾಗಿ ವಿವರಿಸಿದೆ. ಆಮೇಲೆ, "ತಾತ, ಈಗ ನಿಮ್ಮ ಮಾತಲ್ಲಿ ಹೇಳಿ" ಅಂದೆ.

ತಾತ ಗಂಟಲು ಸರಿಮಾಡಿಕೊಂಡರು. "ಒಟ್ಟೆಗೆ ನಾಕು ತೂತ ಆಕ್ತೀರಾ. ಒಂದ್ರಾಗೆ ಕ್ಯಾಮ್ರಾ ಬುಡ್ತೀರಾ. ಒಳಗಿರದೆಲ್ಲ ಟೀವಿನಾಗೆ ಬತ್ತದೆ. ಡಾಕುಟ್ರು ಟೀವಿ ನೋಡ್ಕಂಡು ಕಲ್ಲಿನ ಚೀಲಾನೇ ಕಿತ್ತಾಕ್ತಾರೆ. ನಾನು ನಿದ್ದೆ ಮಾಡ್ತಿರ್ತೀನಿ. ಸರೀನಾ?"

"ನೂರಕ್ಕೆ ನೂರು ತಾತ!"

"ಒಂದೇ ಒಂದು ಅನ್ಮಾನ ಕಣವ್ವ. ನನ್ನ ಮಗ ಟೀವಿ ನೋಡ್ಕಂಡು ಉಂಡ್ರೆ ತಟ್ಟೇಲಿ ಏನೈತೆ ಅಂತಾನೇ ಗೊತ್ತಾಗಕಿಲ್ಲ. ಡಾಕುಟ್ರಿಗೆ ಇಂಗಾಗಕಿಲ್ಲ ತಾನೆ?"

ಆಗುವುದಿಲ್ಲ ಅಂತ ಡಾಕ್ಟರೇ ಬಂದು ಭರವಸೆ ಕೊಟ್ಟರು. ಆಪರೇಷನ್ ಚೆನ್ನಾಗಿ ಆಯಿತು. ಮಾರನೇ ದಿನ ತಾತ ಎದ್ದು ಕೂತು ಇಡ್ಲಿ ತಿಂದರು, ಹೊಟ್ಟೆ ನೋಯಲಿಲ್ಲ. ಅಜ್ಜಿ ಅವತ್ತೇ ಮೊದಲ ಸಲ ಸೆರಗು ಹಿಂಡುವುದನ್ನು ಬಿಟ್ಟದ್ದು.

ಹೊಟ್ಟೆಯಿಂದ ತೆಗೆದ ಕಲ್ಲುಗಳನ್ನು ಒಂದು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಟ್ಟೆ. ಇದು ಒಳಗೇ ಬೆಳೆಯುವ ಕಲ್ಲು, ಊಟದಲ್ಲಿ ಬರುವುದಲ್ಲ ಅಂತ ಮೂರು ಸಲ ಹೇಳಿದ್ದೆ. ತಾತ ಅದನ್ನೆಲ್ಲ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬಾಟಲಿಯನ್ನು ಅಜ್ಜಿಯ ಮುಖದ ಮುಂದೆ ಹಿಡಿದು ಗಲಗಲ ಅಲ್ಲಾಡಿಸಿದರು.

"ನಲವತ್ತು ವರ್ಸದಿಂದ ಬಡ್ಕಂತಿವ್ನಿ, ಅಕ್ಕಿ ನೆಟ್ಟಗೆ ಆರ್ಸು ಅಂತ. ಈಗ ಕಣ್ಣಾರೆ ನೋಡು!"

ಅಜ್ಜಿ ಬಾಟಲಿಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದರು. "ಇಷ್ಟು ದಪ್ಪ ಕಲ್ಲು ಬಾಯಿಗೆ ಸಿಕ್ದಾಗ ಉಗಿಯೋದು ಬುಟ್ಟು ನುಂಗ್ದ್ಯಲ್ಲ, ತಪ್ಪು ನಿಂದಾ ನಂದಾ?"

ನೋವು ಯಾರಿಗೆ?

ಆರ್.ಟಿ. ನಗರದ ದಂಪತಿ. ಆಕೆಗೆ ಗರ್ಭಕೋಶದಲ್ಲಿ ಗಡ್ಡೆ. ಭಯಪಡುವಂಥದ್ದಲ್ಲ, ಆದರೆ ರಕ್ತ ಹೋಗಿ ಹೋಗಿ ಮುಖ ಬಿಳಚಿಕೊಂಡಿತ್ತು. ಮಾತ್ರೆಯಲ್ಲಿ ಸ್ವಲ್ಪ ದಿನ ನೋಡಬಹುದು, ಇಲ್ಲವೇ ಆಪರೇಷನ್ ಮಾಡಿಸಬಹುದು. ಯಾವುದು ಅಂತ ಆಕೆಯೇ ಹೇಳಬೇಕಿತ್ತು.

"ನೋವು ಎಲ್ಲಿ ಬರುತ್ತಮ್ಮ?" ಅಂದೆ.

"ಕಿಬ್ಬೊಟ್ಟೇಲಿ," ಅಂದರು ಗಂಡ.

"ಎಷ್ಟು ದಿನ ಇರುತ್ತೆ?"

"ಎಂಟು ದಿನ. ಒಂದೊಂದ್ಸಲ ಒಂಬತ್ತು."

"ತಡ್ಕೊಳ್ಳೋಕೆ ಆಗುತ್ತಾ?"

"ಆಗುತ್ತೆ, ಆಗುತ್ತೆ. ಅಂಥಾದ್ದೇನಿಲ್ಲ."

ಆಕೆ ಬಾಯಿ ತೆಗೆಯುವುದು, ಅಷ್ಟರಲ್ಲಿ ಉತ್ತರ ಪಕ್ಕದ ಕುರ್ಚಿಯಿಂದ ಬರುವುದು, ಆಕೆ ಬಾಯಿ ಮುಚ್ಚುವುದು. ಐದನೇ ಪ್ರಶ್ನೆಗೆ ನನ್ನ ತಾಳ್ಮೆ ಮುಗಿಯಿತು. "ಸರ್, ಎಲ್ಲಾ ನೀವೇ ಹೇಳ್ತಿದೀರಲ್ಲ, ಬಿಪಿನೂ ನಿಮ್ದೇ ನೋಡ್ಬಿಡೋಣ ಬನ್ನಿ," ಅಂದೆ. ತಮಾಷೆಗೆ ಅಂದದ್ದು. ಅವರು ನಿಜಕ್ಕೂ ಎದ್ದು ತೋಳು ಮಡಿಚಿಕೊಂಡು ಪಕ್ಕದ ಕೋಣೆಗೆ ಹೋದರು. ಅಲ್ಲಿದ್ದ ಸಿಸ್ಟರ್ ಬಿಪಿ ಪಟ್ಟಿ ಸುತ್ತಿದಳು.

ಅವರು ಅತ್ತ ಹೋದದ್ದೇ ತಡ, ಆಕೆ ಬಾಗಿಲ ಕಡೆ ನೋಡಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. "ಸಿಸ್ಟರ್, ನನಗೆ ಆಪರೇಷನ್ನೇ ಮಾಡ್ಸಿ. ಎರಡು ವರ್ಷದಿಂದ ಸಾಕಾಗಿ ಹೋಗಿದೆ. ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ. ಅವ್ರು ಕೆಟ್ಟೋರಲ್ಲ. ಆಪರೇಷನ್ ಅಂದ್ರೆ ಅವ್ರಿಗೆ ಜೀವ ಹೋಗುತ್ತೆ, ಅಷ್ಟೇ."

ಅಷ್ಟರಲ್ಲಿ ಪಕ್ಕದ ಕೋಣೆಯ ಸಿಸ್ಟರ್ ಓಡಿ ಬಂದಳು. "ಅಕ್ಕಾ, ಇವ್ರ ಬಿಪಿ ಇನ್ನೂರು ದಾಟಿದೆ ನೋಡಿ. ಇಷ್ಟಿಟ್ಕೊಂಡು ಹೇಗೆ ಓಡಾಡ್ತಿದಾರೋ ಗೊತ್ತಾಗ್ತಿಲ್ಲ!"

ಆ ಮನುಷ್ಯ ಹತ್ತು ವರ್ಷದಿಂದ ಬಿಪಿ ನೋಡಿಸಿಕೊಂಡೇ ಇರಲಿಲ್ಲ. ಅವತ್ತೇ ಡಾಕ್ಟರು ಮಾತ್ರೆ ಶುರು ಮಾಡಿದರು. ಆಕೆಗೆ ಆಪರೇಷನ್ ಆಯಿತು, ತಿಂಗಳಲ್ಲಿ ಮುಖಕ್ಕೆ ಬಣ್ಣ ಬಂತು. ಆ ತಮಾಷೆ ಮಾಡದೇ ಹೋಗಿದ್ದರೆ ಏನಾಗುತ್ತಿತ್ತೋ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮುಂದಿನ ಸಲ ಇಬ್ಬರೂ ಬಂದಾಗ ಪೇಷೆಂಟ್ ಗಂಡ. "ಸರ್, ಮಾತ್ರೆ ಸರಿಯಾಗಿ ತಗೋತಿದೀರಾ? ತಲೆ ಸುತ್ತು ಏನಾದ್ರೂ?" ಅಂತ ಕೇಳಿದೆ. ಅವರು ಬಾಯಿ ತೆಗೆದರು.

"ನೀವು ಸುಮ್ನಿರಿ," ಅಂದರು ಹೆಂಡತಿ. "ನಿಮ್ಮ ವಿಷ್ಯ ನಿಮ್ಗೇನ್ರೀ ಗೊತ್ತು?"

ಬಹುಮತ

ಮತ್ತಿಕೆರೆಯ ಬಾಡಿಗೆ ರೂಮಿನಿಂದ ಒಬ್ಬ ಕಾಲೇಜು ಹುಡುಗನನ್ನು ಅವನ ಐದು ಜನ ಸ್ನೇಹಿತರು ಎತ್ತಿಕೊಂಡೇ ಬಂದರು. ಅಪೆಂಡಿಕ್ಸ್. ಸ್ಕ್ಯಾನಿಂಗ್ ಮಾಡಿದ್ದಾಗಿತ್ತು, ಕಾಯುವ ಹಾಗಿರಲಿಲ್ಲ. ಅಮ್ಮ ರಾಯಚೂರಿನ ಕಡೆಯವರು, ಆಗಲೇ ಹೊರಟಿದ್ದರೂ ಬರುವುದು ಸಂಜೆಯಾಗುತ್ತದೆ. ಫೋನ್ ಮಾಡಿದೆ. ಆಕೆ ಅಳುತ್ತಲೇ, "ಅವಂಗ ಕೇಳ್ರಿ ಸಿಸ್ಟರ್. ದೊಡ್ಡಾವ ಆಗ್ಯಾನ, ಹೊಟ್ಟಿ ಅವಂದು. ಅವ ಹೂಂ ಅಂದ್ರ ನಂದೂ ಹೂಂ," ಅಂದರು. ಆ ತಾಯಿಯ ಮಾತು ನನಗೆ ಬಹಳ ಹಿಡಿಸಿತು.

ಹುಡುಗನಿಗೆ ಎಲ್ಲ ವಿವರಿಸಿದೆ. ಅವನು ಸ್ನೇಹಿತರ ಮುಖ ನೋಡಿದ. "ಮಚ್ಚಾ, ಏನ್ ಮಾಡ್ಲೋ?"

ಸ್ನೇಹಿತರು ಹೊರಗೆ ಹೋದರು. ಹತ್ತು ನಿಮಿಷ ಬಿಟ್ಟು ಅವರಲ್ಲೊಬ್ಬ ಫೋನ್ ಹಿಡಿದುಕೊಂಡು, ಚುನಾವಣಾ ಅಧಿಕಾರಿಯ ಗತ್ತಿನಲ್ಲಿ ಒಳಗೆ ಬಂದ.

"ಸಿಸ್ಟರ್, ರಿಸಲ್ಟ್ ಬಂತು."

"ಯಾವ ರಿಸಲ್ಟು? ಬ್ಲಡ್ಡಿಂದಾ?"

"ಅಲ್ಲ ಸಿಸ್ಟರ್, ಕ್ಲಾಸ್ ಗ್ರೂಪಲ್ಲಿ ಪೋಲ್ ಹಾಕಿದ್ವಿ. ಆಪರೇಷನ್ ಬೇಕು, ಮೂವತ್ತೊಂದು. ಬೇಡ, ಮೂರು. ಕ್ಯಾಂಟೀನ್ ತೆಗೆದಿದೆಯಾ, ಎಂಟು."

ನಾನು ಹಣೆ ಹಿಡಿದುಕೊಂಡೆ. ಆಮೇಲೆ ಮಂಚದ ಮೇಲಿದ್ದವನ ಕಡೆ ತಿರುಗಿ, "ಲೋ ಮಗಾ, ಊರೋರೆಲ್ಲ ವೋಟು ಹಾಕಿದ್ರು. ನೀನು ಯಾವುದಕ್ಕೆ ಹಾಕ್ದೆ?" ಅಂತ ಕೇಳಿದೆ.

"ನಾನ್ ಹಾಕಿಲ್ಲ ಸಿಸ್ಟರ್," ಅಂತ ನರಳಿದ. "ನನ್ನ ಡೇಟಾ ಖಾಲಿ."

ಫೋನು ಬಿಟ್ಟು ಬಾಯಲ್ಲಿ ಹೇಳು ಅಂದೆ. ನಾನು ಹೇಳಿದ್ದನ್ನೆಲ್ಲ ತನ್ನ ಮಾತಿನಲ್ಲಿ ಒಪ್ಪಿಸಿ, "ಮಾಡ್ಸಿ ಸಿಸ್ಟರ್, ಭಯ ಆಗುತ್ತೆ, ಆದ್ರೂ ಮಾಡ್ಸಿ," ಅಂದು ಸಹಿ ಹಾಕಿದ. ಸಂಜೆ ಅಮ್ಮ ಬರುವಷ್ಟರಲ್ಲಿ ಆಪರೇಷನ್ ಮುಗಿದು ಮಗ ವಾರ್ಡಿಗೆ ಬಂದಿದ್ದ. ಆಕೆ ಅವನ ತಲೆ ಸವರಿ, ಕಣ್ಣೊರೆಸಿಕೊಂಡು, "ಏನ್ ಬೇಕೋ ಅಪ್ಪಿ?" ಅಂದರು.

ಅರಿವಳಿಕೆಯ ಮತ್ತು ಇನ್ನೂ ಪೂರ್ತಿ ಇಳಿದಿರಲಿಲ್ಲ. ಹುಡುಗ ಅರ್ಧ ಕಣ್ಣು ತೆರೆದು ಕೇಳಿದ, "ಅವ್ವಾ, ಬೇಡ ಅಂತ ವೋಟ್ ಹಾಕಿದ ಆ ಮೂರು ಮಂದಿ ಯಾರು?"

ಮೇಷ್ಟ್ರ ಮಂಡಿ

ಇದು ಚಿಕ್ಕದು. ಯಲಹಂಕ ಹಳೇ ಊರಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಬಲ ಮಂಡಿಯ ಆಪರೇಷನ್. ಯಾವ ಕಾಲು ಅನ್ನುವುದರಲ್ಲಿ ತಪ್ಪಾಗಬಾರದು ಅಂತ ಹಿಂದಿನ ದಿನವೇ ಪೇಷೆಂಟಿನ ಎದುರಿಗೆ, ಅವರನ್ನು ಕೇಳಿ, ಆ ಕಾಲಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತೇವೆ. ಡಾಕ್ಟರು ಒಂದು ಬಾಣ ಬರೆದು ಹೋದರು. ಮೇಷ್ಟ್ರು ಆ ಬಾಣವನ್ನು ಬಹಳ ಹೊತ್ತು ನೋಡಿ, "ಇದು ಮೇಲಕ್ಕೆ ತೋರಿಸುತ್ತಾ, ಕೆಳಕ್ಕಾ?" ಅಂದರು. ಆಮೇಲೆ ಆ ಪೆನ್ನು ಸ್ವಲ್ಪ ಕೊಡಿ ಅಂತ ಇಸಿದುಕೊಂಡರು.

ಬೆಳಗ್ಗೆ ಥಿಯೇಟರಿನಲ್ಲಿ ಬಟ್ಟೆ ಸರಿಸಿದರೆ, ಎಡಗಾಲಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ, "ಇದಲ್ಲ. ಪಕ್ಕದ್ದು ನೋಡಿ." ಬಲಗಾಲಿನ ಮೇಲೆ, "ಇದೇ. ಗಮನವಿಟ್ಟು ಮಾಡುವುದು." ಕೆಳಗೆ ಸಹಿ.

ನಮ್ಮ ಸರ್ಜನ್ ಐದು ನಿಮಿಷ ಹೊರಗೆ ಹೋಗಿ ನಕ್ಕು, ಮತ್ತೆ ಕೈ ತೊಳೆದುಕೊಂಡು ಬಂದರು. ಮೇಷ್ಟ್ರು ನಾಲ್ಕನೇ ದಿನಕ್ಕೆ ವಾಕರ್ ಹಿಡಿದು ವರಾಂಡ ಸುತ್ತಿದರು. ಮನೆಗೆ ಹೋಗುವಾಗ ಡಾಕ್ಟರು ಮಾತ್ರೆ ಚೀಟಿ ಬರೆದುಕೊಟ್ಟರು. ಮೇಷ್ಟ್ರು ಅದನ್ನು ಓದಲು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು, ಕೊನೆಗೆ ಜೇಬಿನಿಂದ ಕೆಂಪು ಪೆನ್ನು ತೆಗೆದು ಚೀಟಿಯ ಕೆಳಗೆ ಬರೆದು ವಾಪಸ್ ಕೊಟ್ಟರು: "ಕೆಲಸ ಉತ್ತಮ. ಅಕ್ಷರ ಸುಧಾರಿಸಬೇಕು."

ನನ್ನ ಸರದಿ

ಇಷ್ಟೆಲ್ಲ ಜನರ ಬಾಯಲ್ಲಿ ಹೇಳಿಸಿದ ನನಗೇ ಒಂದು ದಿನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಥೈರಾಯ್ಡ್. ಸೂಜಿ ಪರೀಕ್ಷೆಯಲ್ಲಿ ಒಳ್ಳೆಯದೋ ಕೆಟ್ಟದೋ ತಿಳಿಯಲಿಲ್ಲ. ಆ ಭಾಗ ತೆಗೆದು ಪರೀಕ್ಷೆಗೆ ಕಳಿಸಿದರೇ ಗೊತ್ತಾಗುವುದು ಅಂದರು. ಹೆಬ್ಬಾಳದ ಕಡೆಯ ಇನ್ನೊಂದು ಆಸ್ಪತ್ರೆಗೆ ಸೇರಿದೆ.

ಅಲ್ಲೂ ನಮ್ಮಂಥದೇ ಒಂದು ಕೋಣೆ. ನನ್ನ ಅರ್ಧ ವಯಸ್ಸಿನ ಹುಡುಗಿಯೊಬ್ಬಳು ಬಂದು ಕೂತು, ನಾನು ಹೇಳುವಂತೆಯೇ ಎಲ್ಲ ಹೇಳಿದಳು. ಎಷ್ಟು ಹೊತ್ತಿನಿಂದ ಏನೂ ತಿನ್ನಬಾರದು, ಯಾವ ಭಾಗ ತೆಗೆಯುತ್ತಾರೆ, ಧ್ವನಿ ಸ್ವಲ್ಪ ದಿನ ಒಡೆದಂತೆ ಇರಬಹುದು, ಹೀಗೆ. ನಾನು ಅವಳ ತುಟಿ ಅಲ್ಲಾಡುವುದನ್ನೇ ನೋಡುತ್ತಿದ್ದೆ. ಒಂದು ಮಾತೂ ಒಳಗೆ ಇಳಿಯಲಿಲ್ಲ. 'ಕೆಟ್ಟದಾಗಿದ್ದರೆ' ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

"ಈಗ ನಿಮ್ಮ ಮಾತಲ್ಲಿ ಹೇಳಿ ಅಮ್ಮ," ಅಂದಳು.

ಇಪ್ಪತ್ತೆರಡು ವರ್ಷದ ನರ್ಸ್ ನಾನು, ಬಾಯಿ ಬಿಟ್ಟರೆ ಬಂದದ್ದು, "ಫ್ಯಾನ್ ಸ್ವಲ್ಪ ಜಾಸ್ತಿ ಮಾಡ್ತೀಯೇನಮ್ಮ?" ಅಷ್ಟೇ.

ಪಕ್ಕದಲ್ಲಿ ನನ್ನ ಗಂಡ ಕೂತಿದ್ದರು. ಮನೆಯಲ್ಲಿ ಹಾಲು ತನ್ನಿ ಅಂದರೆ ಮೊಸರು ತರುವ ಮನುಷ್ಯ. ಅವರು ನಿಧಾನವಾಗಿ ಶುರು ಮಾಡಿದರು. ಎಷ್ಟು ಗಂಟೆಯ ಉಪವಾಸ, ಎಡಭಾಗವೋ ಬಲಭಾಗವೋ, ರಿಪೋರ್ಟ್ ಯಾವಾಗ, ಯಾವ ಮಾತ್ರೆ ನಿಲ್ಲಿಸಬೇಕು, ಒಂದೂ ಬಿಡದೆ ಹೇಳಿದರು. ನನಗೆ ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಕೊನೆಗೆ ಅವರು, "ಮತ್ತೆ ಮನೆಗೆ ಬಂದ ಮೇಲೆ ಹದಿನೈದು ದಿನ ಮಾತೇ ಆಡಬಾರದು," ಅಂದರು.

ಹುಡುಗಿ ಫೈಲು ತಿರುಗಿಸಿ ನೋಡಿದಳು. "ಸರ್, ಅದು ನಾನು ಹೇಳಿಲ್ಲ."

ಆಪರೇಷನ್ ಆಯಿತು. ರಿಪೋರ್ಟಿಗೆ ಕಾದ ಆ ದಿನಗಳನ್ನು ನಾನು ಯಾರಿಗೂ ಬಯಸುವುದಿಲ್ಲ. ಕೊನೆಗೆ ಡಾಕ್ಟರು ಕರೆದು, "ಕೆಟ್ಟದ್ದೇನೂ ಇಲ್ಲ ಸಿಸ್ಟರ್, ನಿಶ್ಚಿಂತೆಯಾಗಿರಿ," ಅಂದಾಗ ನಾನು ಕಾರಿಡಾರಿನಲ್ಲೇ ಗಂಡನ ತೋಳು ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟೆ. ಅವರ ಕಣ್ಣಲ್ಲೂ ನೀರು. ಬೆನ್ನು ತಟ್ಟುತ್ತಾ ಮೆತ್ತಗೆ ಹೇಳಿದರು, "ಜೋರಾಗಿ ಬೇಡ ಕಣೇ. ಇನ್ನೂ ಹದಿನೈದು ದಿನ ಆಗಿಲ್ಲ."

ದೊಡ್ಡ ಡಾಕ್ಟ್ರು

ಗದಗದ ಕಡೆಯ ಅಜ್ಜಿ. ಯಶವಂತಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಮಗನ ಮನೆಯಲ್ಲಿ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಎರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೆಯದು, ತಡವಾದಷ್ಟೂ ಅಜ್ಜಿ ಹಾಸಿಗೆ ಹಿಡಿಯುತ್ತಾರೆ ಅಂತ ನಮ್ಮ ಸರ್ಜನ್ ಹೇಳಿದ್ದರು. ಆಗಲೇ ಒಂದು ದಿನ ಕಳೆದಿತ್ತು.

ಬೆಳಗ್ಗೆ ಮನೆಯವರನ್ನು ಕೋಣೆಯಲ್ಲಿ ಕೂರಿಸಿದೆ. ಮಗ, ಮಗಳು, ಅಳಿಯ. ಮೂಲೆಯ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ನೀಲಿ ಅಂಗಿಯ, ನರೆತ ಕೂದಲಿನ ಇನ್ನೊಬ್ಬರು, ಕಾಲಬಳಿ ಒಂದು ಕಪ್ಪು ಬ್ಯಾಗು. ಮನೆಯ ಹಿರಿಯರಿರಬೇಕು ಅಂದುಕೊಂಡೆ. ಮನೆಯವರೂ ಅವರಿಗೆ ನಮಸ್ಕಾರ ಮಾಡಿಯೇ ಕೂತರು.

ನಾನು ಹೇಳಿ ಮುಗಿಸಿದ್ದೇ ಜಗಳ ಶುರುವಾಯಿತು.

"ಈ ವಯಸ್ಸಿನಾಗ ಅವ್ವಗ ಕತ್ತರಿ ಹಾಕೂದು ಬ್ಯಾಡ. ಟೇಬಲ್ ಮ್ಯಾಲ ಏನರೆ ಆದ್ರ?" ಅಂದ ಮಗ.

"ಹಾಂಗ ಬಿಟ್ರ ಮಲಗಿದಲ್ಲೇ ಉಳಿತಾಳಲ್ಲೋ ಅಣ್ಣಾ. ಇವತ್ತ ಮಾಡಸೂಣು," ಅಂದಳು ಮಗಳು.

"ನಮ್ಮೂರ ಕಡೆ ನಾಟಿ ಪಟ್ಟಿ ಕಟ್ಟತಾರ, ಅಲ್ಲಿಗೆ ಒಯ್ಯೂಣು," ಅಂದ ಅಳಿಯ.

ಒಂದು ಗಂಟೆ ಹೀಗೇ ನಡೆಯಿತು. ಮಗಳು ಅತ್ತಳು, ಮಗ ಎದ್ದು ಹೊರಗೆ ಹೋಗಿ ಮತ್ತೆ ಬಂದ. ಆಗ ಮೂಲೆಯಲ್ಲಿದ್ದ ಹಿರಿಯರು ಗಡಿಯಾರ ನೋಡಿಕೊಂಡು ಮೊದಲ ಸಲ ಬಾಯಿ ಬಿಟ್ಟರು.

"ಒಂದ್ ಮಾತು ಕೇಳ್ಲಾ? ಅಜ್ಜಿನ ಕೇಳಿದ್ರಾ?"

ನನಗೆ ನಾಚಿಕೆಯಾಯಿತು. ಅಜ್ಜಿಗೆ ಕೂರಲು ಆಗುವುದಿಲ್ಲ ಅಂತ ವಾರ್ಡಿನಲ್ಲೇ ಬಿಟ್ಟು, ಅಜ್ಜಿಯ ಕಾಲಿನ ತೀರ್ಮಾನವನ್ನು ನಾವು ಇಲ್ಲಿ ಮಾಡುತ್ತಿದ್ದೆವು. ಪೇಷೆಂಟನ್ನು ಕೇಳಿ ಅಂತ ಊರಿಗೆಲ್ಲ ಹೇಳುವವಳು ನಾನು!

ಎಲ್ಲರೂ ಎದ್ದು ವಾರ್ಡಿಗೆ ಹೋದೆವು. ಹಿರಿಯರೂ ಬಂದರು. ನಾನು ಅಜ್ಜಿಗೆ ಎಲ್ಲವನ್ನೂ ಮತ್ತೆ ಬಿಡಿಸಿ ಹೇಳಿದೆ. ಅಜ್ಜಿ ಎಲ್ಲರ ಮುಖ ನೋಡಿದರು. ನೀಲಿ ಅಂಗಿಯವರು ಮಂಚದ ಪಕ್ಕ ಬಗ್ಗಿ, "ಅಜ್ಜಿ, ಇವರನ್ನೆಲ್ಲ ಬಿಡಿ. ನಿಮಗೇನು ಬೇಕು?" ಅಂದರು.

ಅಜ್ಜಿ ಅವರ ಕೈ ಹಿಡಿದುಕೊಂಡರು. "ಸಂಡಾಸಕ್ಕ ನನ್ನ ಕಾಲಿಲೆ ನಾನ ಹೋಗಬೇಕು ನೋಡಪಾ. ಇನ್ನೊಬ್ರ ಕೈಲೆ ಎತ್ತಿಸ್ಕೊಂಡು ಬದುಕೂದು ನನಗ ಆಗೂದಿಲ್ಲ. ಜೀವಕ್ಕ ಅಪಾಯ ಐತಿ ಅಂತ ಈಕಿ ಹೇಳಿದ್ಲು, ತಿಳೀತು. ಇರವಲ್ದ್ಯಾಕ, ಇದ್ರ ಇರ್ಲಿ. ಮಾಡ್ರಿ."

ಮಗ ಅವ್ವನ ಕಾಲ ಬಳಿ ಕೂತು ಗಳಗಳ ಅತ್ತ. ಆಮೇಲೆ ಕಣ್ಣೊರೆಸಿಕೊಂಡು, "ಆಗ್ಲಿ, ಮಾಡ್ರಿ," ಅಂದ. ಅಜ್ಜಿ ಹೆಬ್ಬೆಟ್ಟು ಒತ್ತಿದರು, ಮಗ ಸಹಿ ಹಾಕಿದ. ನಾನು ಫಾರಂ ಅನ್ನು ನೀಲಿ ಅಂಗಿಯವರ ಕಡೆ ತಿರುಗಿಸಿ, "ಸರ್, ಮನೆ ಹಿರಿಯರು, ಸಾಕ್ಷಿಗೆ ನೀವೂ ಒಂದು ಸಹಿ ಹಾಕ್ಬಿಡಿ," ಅಂದೆ.

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ ಮೇಡಂ, ನಾನ್ಯಾಕೆ? ನಾನು ಆ ರೂಮಿನ ಎಸಿ ರಿಪೇರಿಗೆ ಬಂದೋನು. ಮೀಟಿಂಗ್ ಮುಗಿಯೋವರೆಗೂ ಅಲ್ಲೇ ಕೂತ್ಕೊಳ್ಳಿ ಅಂದ್ರು ರಿಸೆಪ್ಷನ್ನಲ್ಲಿ. ನಂಗೆ ಹನ್ನೊಂದಕ್ಕೆ ಹೆಬ್ಬಾಳದಲ್ಲಿ ಇನ್ನೊಂದು ಎಸಿ ಇದೆ. ನೀವು ಮುಗ್ಸೋ ಹಾಗೇ ಕಾಣ್ಲಿಲ್ಲ."

ನಾನು ಮಗನ ಮುಖ ನೋಡಿದೆ. "ಇವರು ನಿಮ್ಮ ಕಡೆಯವರಲ್ವಾ?"

"ನಾವು ನಿಮ್ಮ ಡಾಕ್ಟ್ರು ಅಂತ ತಿಳಕೊಂಡಿದ್ವಿ!"

ಸರ್ಜನ್ ಸಾಹೇಬರಿಗೆ ವಿಷಯ ಹೇಳಲೇಬೇಕಾಯಿತು. ಬೇರೆಯವರ ಗುಟ್ಟಿನ ಮಾತಿನ ನಡುವೆ ಗೊತ್ತಿಲ್ಲದವರನ್ನು ಕೂರಿಸಿದ್ದಕ್ಕೆ ಸರಿಯಾಗಿ ಬೈಸಿಕೊಂಡೆ. ಬೈದು ಮುಗಿಸಿ ಅವರು ಕಿಟಕಿಯ ಕಡೆ ತಿರುಗಿದರು, ಭುಜ ಅಲ್ಲಾಡುತ್ತಿತ್ತು. ಅವತ್ತಿನಿಂದ ಆ ಕೋಣೆಯಲ್ಲಿ ನನ್ನ ಮೊದಲ ಪ್ರಶ್ನೆ ಒಂದೇ: "ಇಲ್ಲಿರೋರೆಲ್ಲ ಯಾರು ಯಾರು, ಹೇಳಿ."

ಅವತ್ತು ಮಧ್ಯಾಹ್ನವೇ ಆಪರೇಷನ್ ಆಯಿತು. ಅಜ್ಜಿ ಗಟ್ಟಿ ಜೀವ. ಮೂರನೇ ದಿನ ವಾಕರ್ ಹಿಡಿದು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ, ಬಾತ್‌ರೂಮಿನವರೆಗೂ ನಡೆದು ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ಹೊರಗೆ ಮಗ, ಮಗಳು, ಅಳಿಯ, ನಾನು ಉಸಿರು ಹಿಡಿದು ನಿಂತಿದ್ದೆವು. ಅಜ್ಜಿ ಹೊರಗೆ ಬಂದಾಗ ನಾಲ್ವರೂ ಚಪ್ಪಾಳೆ ತಟ್ಟಿದೆವು. "ಸಂಡಾಸಕ್ಕ ಹೋಗಿ ಬಂದ್ರ ಚಪ್ಪಾಳಿ ಹೊಡಿಯೂ ಊರು ಇದೊಂದ ನೋಡು," ಅಂದರು ಅಜ್ಜಿ.

ಮನೆಗೆ ಕಳಿಸುವ ದಿನ ನಮ್ಮ ಸರ್ಜನ್ ತಾವೇ ಬಂದು ಅಜ್ಜಿಯ ಕಾಲು ನೋಡಿ, "ಎಲ್ಲಾ ಚೆನ್ನಾಗಿದೆ ಅಜ್ಜಿ, ಇನ್ನು ಧೈರ್ಯವಾಗಿ ನಡೀರಿ," ಅಂದರು. ಅಜ್ಜಿ ಅವರ ತಲೆ ಸವರಿದರು.

"ನೀನೂ ಚಲೋ ಮಾಡೀ ತಮ್ಮಾ, ಇಲ್ಲ ಅನ್ನೂದಿಲ್ಲ. ಆದ್ರ ಆ ನೀಲಿ ಅಂಗಿ ದೊಡ್ಡ ಡಾಕ್ಟ್ರ ಬಂದು ನನ್ನ ಕೇಳಲಿಲ್ಲಂದ್ರ ನಿನ್ನ ಕೈಲೆ ಏನಾಗ್ತಿತ್ತು? ಅವರ ಕೈ ಕೆಳಗ ಇನ್ನೊಂದ್ ಎರಡ ವರ್ಷ ಇದ್ದು ಕೆಲಸಾ ಕಲಿ."

ಮೂವತ್ತು ವರ್ಷದಿಂದ ಮೂಳೆ ಜೋಡಿಸುತ್ತಿರುವ ನಮ್ಮ ಸಾಹೇಬರು ಕೈ ಮುಗಿದು, "ಆಗ್ಲಿ ಅಜ್ಜಿ," ಅಂದರು.